ಆಷಾಢದಲ್ಲಿ ಬಾರದವನು

ಕಾರಿನ ಬಾಗಿಲು ತೆರೆದುಕೊಂಡಿತು. ಇಳಿಯಲು ಆಸರೆಗೆಂದು ಒಂದು ಕೈ ಮುಂದೆ ಬಂತು.

ತಮ್ಮ ದಿನೇಶನ ಕೈ ಎಂದುಕೊಂಡು ಮಧುಶ್ರೀ ಅದನ್ನು ಹಿಡಿದೇಬಿಟ್ಟಳು. ಊರುಗೋಲನ್ನು ನೆಲಕ್ಕೂರಿ, ಎಡಗಾಲನ್ನು ಮೆಲ್ಲಗೆ ಹೊರಗಿಟ್ಟು, ತಲೆ ಎತ್ತಿ ನೋಡಿದರೆ...

ಮಯೂರ್. ಅವಳ ಗಂಡ.

ಕೈ ಕಿತ್ತುಕೊಳ್ಳಬೇಕು ಅನ್ನಿಸಿತು. ಬಿಟ್ಟರೆ ಬೀಳುತ್ತೇನೆ ಎಂಬ ಭಯವೂ ಆಯಿತು. ಐದು ತಿಂಗಳಿಂದ ಮುಖ ನೋಡದ ಗಂಡನ ಕೈಯನ್ನೇ ನೆಚ್ಚಿಕೊಂಡು ನಿಲ್ಲುವ ಈ ಗತಿ ಶತ್ರುವಿಗೂ ಬೇಡ ಎಂದುಕೊಂಡಳು.

"ನಿಧಾನ... ಇಲ್ಲಿ ಜಲ್ಲಿ ಹಾಕಿದ್ದಾರೆ" ಎಂದ ಅವನು.

"ಕಾಣುತ್ತೆ. ನಂಗೆ ಮುರಿದಿರೋದು ಕಾಲು, ಕಣ್ಣಲ್ಲ."

ಜಯನಗರ ಫೋರ್ತ್ ಬ್ಲಾಕಿನಲ್ಲಿ ಕನ್ನಡಕದ ಅಂಗಡಿ ನಡೆಸುವ ಗಂಡನಿಗೆ ಆಡಿದ ಮಾತು ಅದು. ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಇವತ್ತು ತಲೆ ತಗ್ಗಿಸಿದ.

ಅಪ್ಪ ಬೋರಣ್ಣ ಡಿಕ್ಕಿಯಿಂದ ಬ್ಯಾಗು ಇಳಿಸುವ ನೆಪದಲ್ಲಿ ಬೆನ್ನು ತಿರುಗಿಸಿದ್ದರು. ಅಮ್ಮ ಲತಾಮಣಿ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ದಿನೇಶ ಮೊಬೈಲ್ ನೋಡುತ್ತಿದ್ದ. ಎಲ್ಲರಿಗೂ ಗೊತ್ತಿತ್ತು, ತನ್ನೊಬ್ಬಳಿಗೆ ಗೊತ್ತಿರಲಿಲ್ಲ ಎಂಬುದು ಅವಳಿಗೆ ಆಗ ಅರ್ಥವಾಯಿತು.

'ಕಾಲು ಕೂಡ್ಕೊಳ್ತಾ ಇದೆ, ಮನೇಲೇ ಕೂತು ಕೂತು ಸೊರಗಿದ್ದೀಯ, ಎರಡು ದಿನ ಗಾಳಿ ಬದಲಾಗ್ಲಿ' ಎಂದು ಅಪ್ಪ ಈ ಕಾಟೇಜಿಗೆ ಹೊರಡಿಸಿದ್ದು ಇದಕ್ಕಾ?

ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ ದಾಟಿದ ಮೇಲೆ ಅಪ್ಪನ ಸ್ನೇಹಿತರ ಕಾಟೇಜು ಅದು. ಹೆಂಚಿನ ಜಗಲಿ, ಮುಂದೆ ಒಂದಿಷ್ಟು ಹುಲ್ಲು, ಇಳಿಜಾರಿನ ಕೊನೆಗೆ ಗೇಟು. ಚೆನ್ನಾಗಿಯೇ ಇತ್ತು. ಆದರೆ ಮಧುಶ್ರೀಗೆ ಒಂದೂ ಕಣ್ಣಿಗೆ ಬೀಳಲಿಲ್ಲ.

ಆಗಿದ್ದೇನೆಂದರೆ...

ಸಾರಕ್ಕಿಯ ಬೋರಣ್ಣನವರದು ಹಳೇ ಊರಿನ ಮನೆತನ. ಹೊಲಗಳು ಹೋಗಿ ಬಾಡಿಗೆ ಮನೆಗಳು ಬಂದಿವೆ, ರಾಗಿ ಕಣವಿದ್ದ ಜಾಗದಲ್ಲಿ ಕಾರು ನಿಲ್ಲುತ್ತದೆ. ಪದ್ಧತಿಗಳು ಮಾತ್ರ ಜಾಗ ಖಾಲಿ ಮಾಡಿಲ್ಲ. ಮಗಳ ಮದುವೆ ಜ್ಯೇಷ್ಠದಲ್ಲಿ ಆಯಿತು. ತಿಂಗಳು ತುಂಬುವ ಮೊದಲೇ ಆಷಾಢ ಬಂತು. ಹೊಸ ಮದುಮಗಳು ಆಷಾಢದಲ್ಲಿ ತವರಿಗೆ ಬರಬೇಕು. ಅಳಿಯ ಮತ್ತು ಅತ್ತೆ ಆ ತಿಂಗಳು ಒಂದೇ ಹೊಸಿಲು ತುಳಿಯಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು.

ಹಾಗೆ ಮಧುಶ್ರೀ ಸುದ್ದಗುಂಟೆಪಾಳ್ಯದ ಗಂಡನ ಮನೆಯಿಂದ ಸಾರಕ್ಕಿಗೆ ಬಂದಳು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಟ್ರಾಫಿಕ್ ಇದ್ದರೆ ಒಂದು ಗಂಟೆ. ಆದರೂ ಪದ್ಧತಿ ಎಂದರೆ ಪದ್ಧತಿ.

ನಿಜ ಹೇಳಬೇಕೆಂದರೆ ಅವಳು ಗಂಡನನ್ನು ಪ್ರೀತಿಸಲು ಶುರುಮಾಡಿದ್ದೇ ಆಗ. ಮನೆಯಲ್ಲಿದ್ದಾಗ ನಾಚಿಕೊಂಡು ನಾಲ್ಕು ಮಾತು ಆಡದವನು ಫೋನಿನಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದ! ಅಂಗಡಿಗೆ ಬಂದ ಗಿರಾಕಿಗಳ ಕತೆ, ಅವನ ಅಮ್ಮನ ಸಾರಿನ ಕತೆ... ಅವಳು ದಿಂಬಿಗೆ ಬಾಯಿ ಒತ್ತಿಕೊಂಡು ನಗುತ್ತಿದ್ದಳು.

ಆ ಆಷಾಢದಲ್ಲೇ ಸಾರಕ್ಕಿ ಮಾರ್ಕೆಟ್ ಹತ್ತಿರ ಒಂದು ಆಟೋ ಅವಳ ಸ್ಕೂಟರಿಗೆ ತಾಗಿತು. ಸ್ಕೂಟರು ಕಾಲ ಮೇಲೆ ಬಿತ್ತು. ಮೊಣಕಾಲ ಕೆಳಗಿನ ಮೂಳೆ ಎರಡಾಗಿತ್ತು. ಜಯನಗರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು.

ಮಂಪರು ಇಳಿದ ಕೂಡಲೇ ಅವಳು ಫೋನ್ ಕೇಳಿ ಇಸಿದುಕೊಂಡಳು. ಬೇರೆ ಏನೂ ಹೇಳಲಿಲ್ಲ.

"ರೀ... ಬನ್ನಿ" ಎಂದಳು.

ಆ ಕಡೆಯಿಂದ ಅವನ ದನಿ ಬಂತು. "ಶ್ರಾವಣ ಹತ್ತಿರದಲ್ಲೇ ಇದೆಯಲ್ಲ ಮಧು. ಬಂದ ತಕ್ಷಣ ಬಂದ್ಬಿಡ್ತೀನಿ."

ಅವಳು ಫೋನ್ ಇಟ್ಟಳು. ಆಮೇಲೆ ಅವನ ಒಂದು ಕರೆಯನ್ನೂ ಎತ್ತಲಿಲ್ಲ.

ಶ್ರಾವಣದ ಮೊದಲ ದಿನವೇ ಅವನು ಹಣ್ಣು, ಹೂವು, ಹೊಸ ಸೀರೆ ಹಿಡಿದುಕೊಂಡು ಸಾರಕ್ಕಿಗೆ ಬಂದ. ಮಧುಶ್ರೀ ರೂಮಿನ ಬಾಗಿಲು ಹಾಕಿಸಿಕೊಂಡು "ಮಲಗಿದ್ದೀನಿ ಅಂತ ಹೇಳು" ಎಂದು ತಮ್ಮನನ್ನು ಕಳಿಸಿದಳು. ಅವನು ಹಾಲ್‌ನಲ್ಲಿ ಕಾದ. ಕಾಫಿ ಬಂತು, ತಿಂಡಿ ಬಂತು, ಬೀದಿ ದೀಪ ಹತ್ತಿದವು. ಕೊನೆಗೆ ಎದ್ದು ಹೋದ. ಮತ್ತೆ ಬಂದಾಗಲೂ ಅದೇ ಕತೆ. ಕ್ರಮೇಣ ಬರುವುದೂ ನಿಂತಿತು.

ಈ ಹಟ ಅವಳಿಗೆ ಸುಖ ಕೊಟ್ಟಿತೇ ಎಂದು ಕೇಳಬೇಡಿ. ಗೌರಿ ಹಬ್ಬ, ದಸರಾ, ದೀಪಾವಳಿ ಎಲ್ಲವನ್ನೂ ಅವಳು ಗೋಡೆ ನೋಡಿಕೊಂಡು ಕಳೆದಳು.

ಮಧ್ಯಾಹ್ನ ಮುದ್ದೆ ಊಟ ಮುಗಿದ ಮೇಲೆ ಬೋರಣ್ಣ ವಿಷಯ ತೆಗೆದರು.

"ನೋಡು ತಾಯಿ, ಮಯೂರ್ ಅವ್ರ ಮನೇಲೂ ಕೇಳಿ ಕೇಳಿ ಸಾಕಾಗಿದೆ. ಸೋಮವಾರ ಎರಡೂ ಕಡೆ ಹಿರಿಯರು ಕೂತ್ಕೊಳ್ತೀವಿ. ಬಾಳ್ತೀವಿ ಅಂದ್ರೆ ಬಾಳಿ, ಇಲ್ಲ ಅಂದ್ರೆ ಬಿಡುಗಡೆ ಮಾಡಿಸ್ತೀವಿ. ಅದಕ್ಕೆ ಮುಂಚೆ ನೀವಿಬ್ರೇ ಒಂದ್ಸಲ ಮಾತಾಡ್ಕೊಳ್ಳಿ ಅಂತ ನಾನೇ ಕರೆಸಿದೆ. ಬೈಯೋದಿದ್ರೆ ನನ್ನನ್ನ ಬೈಯಿ."

ಬಿಡುಗಡೆ... ಆ ಮಾತು ಅಪ್ಪನ ಬಾಯಿಂದಲೇ ಬರುತ್ತದೆ ಎಂದು ಮಧುಶ್ರೀ ಎಣಿಸಿರಲಿಲ್ಲ. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಸಂಜೆ ಜಗಲಿಯಲ್ಲಿ ಅವರಿಬ್ಬರನ್ನೇ ಬಿಟ್ಟು ಎಲ್ಲರೂ ಒಳಗೆ ಸೇರಿಕೊಂಡರು. ಅವನು ಸಣ್ಣಗಾಗಿದ್ದ. ಅದನ್ನು ಅವಳು ನೋಡಿದಳು, ನೋಡಿಲ್ಲವೆಂಬಂತೆ ಕೂತಳು.

"ನೋವು ಜಾಸ್ತಿ ಇದೆಯಾ?" ಎಂದು ಅವನೇ ಶುರುಮಾಡಿದ.

"ಈಗ ಕೇಳ್ತೀರಾ?"

"ಆಗ ಕೇಳ್ಬೇಕಿತ್ತು. ಕೇಳ್ಲಿಲ್ಲ."

"ನಮ್ಮನೆಗೆ ಬರೋ ಹಾಗಿರಲಿಲ್ಲ, ಒಪ್ಕೋತೀನಿ. ಆಸ್ಪತ್ರೆಗೂ ಹೊಸಿಲು ಇತ್ತಾ? ಪಕ್ಕದ ಬೆಡ್ ಹೆಂಗಸಿನ ಗಂಡ ರಾತ್ರಿ ಹಗಲು ನೆಲದ ಮೇಲೆ ಮಲಗ್ತಿದ್ದ. ನನ್ನನ್ನ ಎಲ್ರೂ 'ನಿಮ್ಮ ಯಜಮಾನ್ರು ಎಲ್ಲಮ್ಮಾ' ಅಂತ ಕೇಳೋರು. ಏನ್ ಹೇಳ್ಲಿ? ಅವ್ರು ಆಷಾಢ ಆಚರಿಸ್ತಿದ್ದಾರೆ ಅಂತ ಹೇಳ್ಲಾ?"

ಅವನು ಏನಾದರೂ ಕಾರಣ ಕೊಡಲಿ ಎಂದು ಅವಳ ಮನಸ್ಸು ಒಳಗೊಳಗೇ ಬೇಡುತ್ತಿತ್ತು. ಸುಳ್ಳಾದರೂ ಪರವಾಗಿಲ್ಲ. ನಂಬಲು ಅವಳು ಅಷ್ಟು ಸಿದ್ಧಳಿದ್ದಳು.

"ಕಾರಣ ಏನಿಲ್ಲ ಮಧು. ತಪ್ಪು ನಂದೇ" ಎಂದ ಅವನು.

ಅಷ್ಟೇ? ಇಷ್ಟು ತಿಂಗಳ ಕಣ್ಣೀರಿಗೆ ಇಷ್ಟೇ ಉತ್ತರವಾ?

"ಹಾಗಾದ್ರೆ ಸೋಮವಾರ ಹಿರಿಯರ ಮುಂದೆನೇ ಮುಗಿಸ್ಬಿಡೋಣ" ಎಂದುಬಿಟ್ಟಳು.

"ಸರಿ. ಬೆಳಿಗ್ಗೆ ತಿಂಡಿ ಆದ್ಮೇಲೆ ಹೊರಡ್ತೀನಿ" ಎಂದು ಅವನು ಎದ್ದ.

ಬಾಯಿಂದ ಜಾರಿದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು. ಆದರೆ ಅವನು ಆಗಲೇ ಹೊರಗಿನ ರೂಮಿಗೆ ಹೋಗಿಯಾಗಿತ್ತು.

ಬೆಳಿಗ್ಗೆ ಲತಾಮಣಿ ಮಗಳ ಕಾಲಿಗೆ ಎಣ್ಣೆ ಹಚ್ಚಲು ಕೂತರು. ಹೊಲಿಗೆಯ ಗುರುತು ತಪ್ಪಿಸಿ ಮೆಲ್ಲಗೆ ಕೈಯಾಡಿಸುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದರು.

"ನೆನ್ನೆ ನೀವು ಮಾತಾಡಿದ್ದು ಕೇಳಿಸ್ತು ಮಧು. ಅವ್ರು ನನ್ನ ಹೆಸ್ರು ಹೇಳ್ತಾರೆ ಅಂತ ಕಾಯ್ತಾ ಇದ್ದೆ. ಹೇಳ್ಲಿಲ್ಲ."

"ಏನಮ್ಮ ಹೇಳ್ತಿದ್ದೀಯ?"

"ನಿನ್ನ ಆಪರೇಷನ್‌ಗೆ ಕರ್ಕೊಂಡು ಹೋದಾಗ ಅವ್ರು ನಂಗೆ ಫೋನ್ ಮಾಡಿದ್ರು. 'ಬರ್ತಾ ಇದ್ದೀನಿ ಅತ್ತೆ' ಅಂದ್ರು. ನಾನೇ ಬೇಡ ಅಂದೆ. ಕಾಲು ಮೊದಲಿನಂಗೆ ಆಗುತ್ತೋ ಇಲ್ವೋ ಅಂತ ಡಾಕ್ಟ್ರು ಹೇಳಿರಲಿಲ್ಲ. ಅಂಥ ಹೊತ್ತಲ್ಲಿ ಪದ್ಧತಿ ಮೀರಿ, ಇನ್ನೊಂದು ಕೆಟ್ಟದಾದ್ರೆ ಅಂತ ನಂಗೆ ಜೀವ ಹೋಗ್ತಿತ್ತು. 'ನಿಮ್ಮ ಕಾಲಿಗೆ ಬೀಳ್ತೀನಿ, ಶ್ರಾವಣದ ತನಕ ಬರಬೇಡಿ' ಅಂದೆ."

ಮಧುಶ್ರೀ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಇಷ್ಟು ದಿನ ನಾನು ಅವ್ರನ್ನ ಬೈತಿದ್ದಾಗ ಸುಮ್ನೆ ಕೇಳಿಸ್ಕೊಂಡಿದ್ಯಲ್ಲಮ್ಮ" ಎಂದಳು.

"ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೆ. ನೀನು ನನ್ನ ಮೇಲೂ ಮಾತು ಬಿಟ್ರೆ ಅಂತ ಭಯ ಆಯ್ತು ಕಣೇ." ಲತಾಮಣಿಯವರ ಕಣ್ಣು ತುಂಬಿತ್ತು.

ಹೊರಗೆ ಬೈಕಿನ ಸ್ಟ್ಯಾಂಡು ತೆಗೆದ ಸದ್ದಾಯಿತು.

ಮಧುಶ್ರೀ ಕೋಲು ಎಳೆದುಕೊಂಡು ಎದ್ದಳು. ಅಮ್ಮ ಹಿಡಿಯಲು ಬಂದರೆ ಬೇಡವೆಂದಳು. ಜಗಲಿಯ ಮೆಟ್ಟಿಲುಗಳನ್ನು ಒಂದೊಂದೇ ಇಳಿದು, ಡಾಕ್ಟರು ಸದ್ಯಕ್ಕೆ ಬೇಡ ಎಂದಿದ್ದ ಇಳಿಜಾರಿಗೆ ಕಾಲಿಟ್ಟಳು. ಎಣ್ಣೆ ಹಚ್ಚಿದ ಪಾದ ಚಪ್ಪಲಿಯೊಳಗೆ ಜಾರುತ್ತಿತ್ತು. ಮೊಣಕಾಲ ಕೆಳಗೆ ಜೀವ ಹಿಂಡುವ ನೋವು. ಕೂಗಿ ಕರೆಯಬಹುದಿತ್ತು. ಆದರೆ ಅವನನ್ನು ಅಷ್ಟು ಹೊತ್ತು ಹಾಲ್‌ನಲ್ಲಿ ಕೂರಿಸಿದವಳಿಗೆ ಇವತ್ತು ತಾನೇ ನಡೆದುಹೋಗಬೇಕು ಅನ್ನಿಸಿತ್ತು.

ಗೇಟಿನ ಹತ್ತಿರ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ ಮಯೂರ್ ತಿರುಗಿ ನೋಡಿದ. ಬೈಕು ನಿಲ್ಲಿಸಿ ಓಡಿ ಬಂದ.

"ಹುಚ್ಚಾ ನಿಂಗೆ? ಈ ಇಳಿಜಾರಲ್ಲಿ ಬರ್ತಾರಾ?"

"ಅಮ್ಮ ಬೇಡ ಅಂದಿದ್ರಂತೆ. ಯಾಕೆ ಹೇಳ್ಲಿಲ್ಲ?" ಏದುಸಿರಿನಲ್ಲೇ ಕೇಳಿದಳು.

ಅವನು ಅವಳನ್ನು ಗೇಟಿನ ಗೋಡೆಗೆ ಒರಗಿಸಿ ನಿಲ್ಲಿಸಿದ. ಆಮೇಲೆ ಮಾತಾಡಿದ.

"ಅತ್ತೆ ಹೇಳಿದ್ದು ನಿಜ. ಆದ್ರೂ ನಾನು ಅವತ್ತು ಬಂದಿದ್ದೆ. ಆಸ್ಪತ್ರೆ ಮೆಟ್ಟಿಲ ತನಕ ಬಂದು, ಕೆಳಗೆ ಕ್ಯಾಂಟೀನಲ್ಲಿ ಕೂತಿದ್ದೆ. ನೀನು ಫೋನ್ ಮಾಡಿ 'ಬನ್ನಿ' ಅಂದಾಗ ನಾನಿದ್ದಿದ್ದು ಅಲ್ಲೇ. ಎರಡು ಮಹಡಿ ಕೆಳಗೆ."

"ಅಲ್ಲಿಂದ ಮೇಲೆ ಬರೋಕೆ ಏನಾಗಿತ್ತು?" ಎಂದಳು ಮಧುಶ್ರೀ.

"ಮೇಲೆ ಬಂದು, ನಾಳೆ ನಿನ್ನ ಕಾಲು ಸರಿಹೋಗ್ದಿದ್ರೆ 'ಇವನು ಬಂದಿದ್ದಕ್ಕೇ ಹಿಂಗಾಯ್ತು' ಅಂತಾರೆ ಅಂತ ಹೆದರಿದೆ. ನಿಂಗೇನಾದ್ರೂ ಆಗುತ್ತೆ ಅಂತಲ್ಲ ಮಧು, ನಂಗೆ ಕೆಟ್ಟ ಹೆಸರು ಬರುತ್ತೆ ಅಂತ. ಆ ಮೆಟ್ಟಿಲು ಹತ್ತದೇ ಹೋದವನು ನಾನು. ಅದನ್ನ ಅತ್ತೆ ತಲೆಗೆ ಹೇಗೆ ಕಟ್ಲಿ?"

ಅವಳಿಗೆ ಬೈಯಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅನ್ನಿಸಿತು. ಎರಡೂ ಆಗದೆ ಅತ್ತಳು. ತಾನು ನೋವಿನಲ್ಲಿ ಛಾವಣಿ ನೋಡುತ್ತ ಮಲಗಿದ್ದಾಗ ಅವನು ಕೆಳಗೇ ಇದ್ದ. ಇಬ್ಬರ ನಡುವೆ ಒಂದಿಷ್ಟು ಮೆಟ್ಟಿಲು ಮಾತ್ರ ಇತ್ತು. ಅಷ್ಟಕ್ಕೆ ಇಷ್ಟು ತಿಂಗಳು ಹೋದವಲ್ಲ...

"ನೀವು ಶ್ರಾವಣದಲ್ಲಿ ಬಂದಾಗ ನಾನು ಮಲಗಿರಲಿಲ್ಲ" ಎಂದಳು ಕಣ್ಣೊರೆಸಿಕೊಂಡು.

"ಗೊತ್ತು."

"ಗೊತ್ತಿತ್ತಾ?"

"ಮಾವ ಟೀವಿ ಸೌಂಡ್ ಜಾಸ್ತಿ ಮಾಡಿದಾಗ ಒಳಗಿಂದ 'ಕಮ್ಮಿ ಮಾಡಪ್ಪ' ಅಂತ ಕೂಗಿದ್ಯಲ್ಲ."

ಅಳುವಿನ ನಡುವೆ ಅವಳಿಗೆ ನಗು ಬಂತು. ನಗುತ್ತಲೇ ಇನ್ನಷ್ಟು ಅಳು ಬಂತು. "ಎಚ್ಚರ ಇದ್ದೀನಿ ಅಂತ ಗೊತ್ತಿದ್ದೂ ಅಷ್ಟು ಹೊತ್ತು ಕೂತಿದ್ರಾ? ನಾನು ಎಷ್ಟು ಕೆಟ್ಟವಳು ರೀ..."

"ನಿನ್ನ ದನಿಯಾದ್ರೂ ಕೇಳಿಸ್ತಲ್ಲ ಅಂತ ಕೂತಿದ್ದೆ."

ರಸ್ತೆಯಲ್ಲಿ ಒಂದು ಲಾರಿ ಹೋಯಿತು.

"ಕಾಲು ಪೂರ್ತಿ ಮೊದಲಿನ ಹಾಗೆ ಆಗಲ್ವಂತೆ. ಸ್ವಲ್ಪ ಕುಂಟು ಉಳಿಯುತ್ತೆ" ಎಂದಳು ಅವಳು.

"ದಿನೇಶ ಹೇಳಿದ." ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದ. "ನಮ್ಮನೆ ಕೆಳಗಿನ ಬಾಡಿಗೆಯವ್ರು ಖಾಲಿ ಮಾಡಿದ್ರು. ಮಹಡಿ ಹತ್ತೋಕೆ ನಿಂಗೆ ಕಷ್ಟ ಅಂತ ಬೇರೆ ಯಾರಿಗೂ ಕೊಡ್ಲಿಲ್ಲ. ನಾನೇ ಕೆಳಗೆ ಬಂದ್ಬಿಟ್ಟೆ. ಬಾತ್‌ರೂಮಲ್ಲಿ ನೀನು ಹಿಡ್ಕೊಳ್ಳೋಕೆ ಅಂತ ಗೋಡೆಗೆ ಸ್ಟೀಲ್ ಹ್ಯಾಂಡಲ್ ಹಾಕ್ಸಿದ್ದೀನಿ."

"ಯಾವಾಗ?"

"ಗೌರಿ ಹಬ್ಬಕ್ಕೆ. ಹಬ್ಬಕ್ಕಾದ್ರೂ ಬರ್ತೀಯ ಅಂದ್ಕೊಂಡಿದ್ದೆ. ಹಾಕೋನು ಎಷ್ಟು ಎತ್ತರಕ್ಕೆ ಬೇಕು ಸಾರ್ ಅಂತ ಕೇಳ್ದ. ಹೇಳೋಕೆ ಗೊತ್ತಾಗ್ಲಿಲ್ಲ. ನಿನ್ನ ಕೈ ಎಲ್ಲಿಗೆ ಬರುತ್ತೆ ಅಂತ ನಂಗೆ ಅಂದಾಜೇ ಇರಲಿಲ್ಲ ಮಧು. ನಾವು ಜೊತೇಲಿ ಇದ್ದಿದ್ದೇ ಅಷ್ಟು ಕಮ್ಮಿ."

ಅವನು ಮುಖ ತಿರುಗಿಸಿಕೊಂಡ.

ಮಧುಶ್ರೀ ಕೋಲನ್ನು ಗೋಡೆಗೆ ಒರಗಿಸಿದಳು. ಎರಡೂ ಕಾಲ ಮೇಲೆ ಭಾರ ಬಿಟ್ಟು ಅವನ ಪಕ್ಕದಲ್ಲಿ ನೆಟ್ಟಗೆ ನಿಂತಳು. ಗೋಡೆಯ ಮೇಲೆ ತನಗೆ ಹಾಯೆನಿಸುವ ಎತ್ತರಕ್ಕೆ ಅಂಗೈ ಊರಿದಳು.

"ಇಲ್ಲಿಗೆ ಬರುತ್ತೆ ನೋಡ್ಕೊಳ್ಳಿ."

ಅವನು ಬಗ್ಗಿ ಆ ಜಾಗ ನೋಡಿದ. ತನ್ನ ಸೊಂಟದ ಪಕ್ಕ ಕೈಯಿಟ್ಟು ಹೋಲಿಸಿದ.

"ಅಲ್ಲಿ ಹಾಕಿಸಿರೋ ಹ್ಯಾಂಡಲ್ ಎತ್ತರ ಆಗಿದೆ. ಕಿತ್ತು ಕೆಳಗೆ ಹಾಕಿಸ್ಬೇಕು. ಇವತ್ತೇ ಫೋನ್ ಮಾಡ್ತೀನಿ ಅವನಿಗೆ."

"ಬೇಡ. ನೀವು ಮತ್ತೆ ತಪ್ಪು ಹೇಳ್ತೀರ" ಎಂದಳು ಮಧುಶ್ರೀ. "ನಾನೇ ಬಂದು, ಅಲ್ಲಿ ನಿಂತ್ಕೊಂಡು ಎಲ್ಲಿಗೆ ಅಂತ ಹೇಳ್ತೀನಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಯಾವಾಗ ಬರ್ತೀಯ?" ಎಂದು ಕೇಳಿದ.

"ಇವತ್ತೇ. ಬೈಕ್ ದಿನೇಶ ತರ್ಲಿ, ಕಾರು ನೀವು ಓಡಿಸಿ. ಆದ್ರೆ ನಿಧಾನಕ್ಕೆ ರೀ... ಹಂಪ್ ಬಂದ್ರೆ ಕಾಲು ತುಂಬ ನೋಯುತ್ತೆ."

"ನಡ್ಕೊಂಡು ಹೋಗೋರು ನಮ್ಮನ್ನ ದಾಟಿ ಹೋದ್ರೂ ಪರವಾಗಿಲ್ಲ" ಎಂದ ಮಯೂರ್.