ಮುಂದಿನ ಚೀಲ

ಗಂಗಾಂಬಿಕಾ ಅಂಗಡಿಯ ಮುಂದಿಟ್ಟಿದ್ದ ತೊಗರಿಬೇಳೆ ಚೀಲದೊಳಗೆ ಕೈ ಇಳಿಸಿದಳು. ನಾಲ್ಕು ಬೆರಳು ಇಳಿಯಿತೋ ಇಲ್ಲವೋ, ಕೈಗೆ ಬಟ್ಟೆ ತಗುಲಿತು.

ಬೇಳೆಯೊಳಗೆ ಬಟ್ಟೆ ಯಾಕೆ?

ಅಂಚು ಹಿಡಿದು ಸ್ವಲ್ಪ ಎತ್ತಿ ನೋಡಿದಳು. ಕೆಳಗೆ ಬೇಳೆ ಇರಲಿಲ್ಲ, ಭತ್ತದ ಹೊಟ್ಟು ಇತ್ತು. ತಳದವರೆಗೂ ಬರೀ ಹೊಟ್ಟು.

ಮೆಣಸಿನಪುಡಿಗೆ ಇಟ್ಟಿಗೆಪುಡಿ ಬೆರೆಸುವವರ ಬಗ್ಗೆ ಐದನೇ ಕ್ಲಾಸಿನಲ್ಲಿ ಟೀಚರ್ ಹೇಳಿದ್ದರು. ಅಂಥವರು ಬೇರೆ ಎಲ್ಲೋ ಇರುತ್ತಾರೆ ಅಂದುಕೊಂಡಿದ್ದಳು. ಈ ಚೀಲ ಇದ್ದದ್ದು ಅವ್ವನ ಅಂಗಡಿಯಲ್ಲಿ.

"ಅವ್ವಾ, ಇದರಾಗ ಹೊಟ್ಟು ಐತಿ."

ತಕ್ಕಡಿ ಒರೆಸುತ್ತಿದ್ದ ಕೊಟ್ರಬಸಮ್ಮ ತಿರುಗಿಯೂ ನೋಡಲಿಲ್ಲ. "ನಾನ ತುಂಬೀನಿ. ಮುಚ್ಚು. ಆ ಚೀಲದಾಗ ಕೈ ಹಾಕಬ್ಯಾಡ."

ಗಂಗಾಂಬಿಕಾ ಬೇಳೆ ಸರಿಸಿ ಅರ್ಧಂಬರ್ಧ ಮುಚ್ಚಿದಳು. ಇನ್ನೇನೋ ಕೇಳಬೇಕು ಅನ್ನುವಷ್ಟರಲ್ಲಿ ಬಾಗಿಲಿಗೆ ಜನ ಬಂದರು.

ಕೊರೊನಾ ಬಂದಿತ್ತು. ಸ್ಕೂಲಿಗೆ ರಜೆ, ಪರೀಕ್ಷೆಯೂ ಇಲ್ಲ. ನಾಳೆ ಭಾನುವಾರ ಇಡೀ ದೇಶ ಬಂದ್. ಆಮೇಲೆ ತಿಂಗಳುಗಟ್ಟಲೆ ಬಂದ್ ಅಂತೆ, ಲಾರಿ ಬರೋದಿಲ್ಲವಂತೆ, ಉಪ್ಪೂ ಸಿಗೋದಿಲ್ಲವಂತೆ. ಕಂಪ್ಲಿಯ ಒಂದೊಂದು ಮೊಬೈಲೂ ಇದನ್ನೇ ಹೇಳುತ್ತಿತ್ತು.

ನಿನ್ನೆ ಎದುರಿನ ದೊಡ್ಡ ಅಂಗಡಿಯ ಗಲಾಟೆಯನ್ನು ಅವಳು ಕಣ್ಣಾರೆ ನೋಡಿದ್ದಳು. ಒಂದು ಕಪಾಟು ಖಾಲಿಯಾಗಿದ್ದೇ ತಡ, ಜನ ಉಳಿದ ಕಪಾಟಿನ ಮೇಲೆ ಬಿದ್ದರು. ಏನು ಬೇಕು ಅಂತ ಅವರಿಗೇ ಗೊತ್ತಿರಲಿಲ್ಲ. ಎದೆಮಟ ಗಡ್ಡ ಬಿಟ್ಟ ಒಬ್ಬ ಅಜ್ಜ ಕೈತುಂಬ ಶೇವಿಂಗ್ ಬ್ಲೇಡ್ ಹೊತ್ತುಕೊಂಡು ಹೋದ. ಕಾರಿದ್ದವರು ಡಿಕ್ಕಿ ಮುಚ್ಚಲಾರದಷ್ಟು ತುಂಬಿಕೊಂಡರು. ಅವರೇನು ಮನೆಯಲ್ಲಿ ಆನೆ ಸಾಕಿದ್ದಾರಾ? ಸಂಜೆ ಸಣ್ಣ ಕೈಚೀಲ ಹಿಡಿದು ಬಂದವರಿಗೆ ಸಿಕ್ಕಿದ್ದು ಬಾಗಿಲ ಮೇಲಿನ ಬೀಗ.

ಇವತ್ತು ಆ ಜನವೆಲ್ಲ ಇತ್ತ ತಿರುಗಿತ್ತು. ಮೊದಲು ಬಂದವಳು ಹಿಂದಿನ ಓಣಿಯ ದುರ್ಗಕ್ಕ. ಕಂಕುಳಲ್ಲಿ ದೊಡ್ಡ ದೊಡ್ಡ ಚೀಲ, ಬಾಯಲ್ಲಿ ಏದುಸಿರು.

"ಬ್ಯಾಳಿ ಹತ್ತು ಕೆಜಿ..." ಅಂದವಳು ಅಲ್ಲಿಗೇ ನಿಂತಳು.

ಅಂಗಡಿಯ ಮುಂದೆ ಅಕ್ಕಿ, ಬೇಳೆ, ಸಕ್ಕರೆ ಚೀಲಗಳು ಬಾಯಿ ತೆರೆದು ಗುಡ್ಡೆಯಾಗಿ ಕೂತಿದ್ದವು. ದುರ್ಗಕ್ಕ ಅವನ್ನೇ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸ್ಟೂಲಿನ ಮೇಲೆ ಕೂತು ಕೊಟ್ರಬಸಮ್ಮನ ಮೊಣಕಾಲು ನೋವು ಹೇಗಿದೆ ಅಂತ ವಿಚಾರಿಸಿದಳು. ಹೋಗುವಾಗ ಅವಳ ಚೀಲದಲ್ಲಿ ಇದ್ದದ್ದು ಎರಡು ಕೆಜಿ.

ಮಧ್ಯಾಹ್ನದವರೆಗೂ ಹೀಗೇ. ಓಡುತ್ತಾ ಬಂದವರು ನಡೆಯುತ್ತಾ ಹೋದರು. ಗಂಗಾಂಬಿಕಾ ಅವ್ವನ ಕೈಯನ್ನೇ ಕಾಯುತ್ತಿದ್ದಳು. ಅವ್ವ ಪ್ರತಿ ಸಲ ಒಳಗೆ ಹೋಗಿ, ಅಲ್ಲಿದ್ದ ಒಳ್ಳೆಯ ಚೀಲದಿಂದಲೇ ತೂಗಿ ತರುತ್ತಿದ್ದಳು. ಮುಂದಿನ ಚೀಲ ಮುಟ್ಟಲೇ ಇಲ್ಲ.

ಜನ ಕಡಿಮೆಯಾದಾಗ ಕೊಟ್ರಬಸಮ್ಮನೇ ಕೇಳಿದಳು. "ಯಾರಿಗರ ಹೊಟ್ಟು ತೂಗಿದ್ದು ನೋಡಿದೇನು?"

"ಇಲ್ಲ. ಆದ್ರ ತುಂಬಿದಂಗ ತೋರಿಸೋದು ಸುಳ್ಳಲ್ಲೇನು?"

ಅವ್ವ ತಕ್ಕಡಿ ಕೆಳಗಿಟ್ಟಳು. "ಸುಳ್ಳು ಇರಬೌದವ್ವ. ಆದ್ರ ಖಾಲಿ ಚೀಲ ಕಂಡ್ರ ಹೊಟ್ಟಿ ತುಂಬಿದವ್ರಿಗೂ ಹಸಿವಾಗ್ತೈತಿ. ಕೊಡೂದಿಲ್ಲ ಅಂದ್ರ ಇನ್ನಷ್ಟು ಬೇಕಂತಾರ. ಸಂಜಿಗೆ ಮಿಲ್ಲಿನಾಗ ಬಟವಾಡೆ. ಹಮಾಲ್ರ ಕೈಯಾಗ ವಾರದ ಪಗಾರ ಬೀಳೂದು ಆಗ. ಅಲ್ಲೀಮಟ ಬ್ಯಾಳಿ ಉಳೀಬೇಕು."

ಅಕ್ಕಿ ಮಿಲ್ಲಿನಲ್ಲಿ ದಿನವಿಡೀ ಮೂಟೆ ಹೊರುವವರಿಗೆ ನಿನ್ನೆ ಕೊಳ್ಳಲು ರೊಕ್ಕವೇ ಇರಲಿಲ್ಲ ಅನ್ನೋದು ಗಂಗಾಂಬಿಕಾಳಿಗೆ ಹೊಳೆದೇ ಇರಲಿಲ್ಲ.

ಹೊತ್ತು ಇಳಿಯಿತು. ಒಳಗಿನ ಚೀಲವೂ ಇಳಿದಿತ್ತು. ಅವ್ವ ಮುಖ ತೊಳೆಯಲು ಹಿತ್ತಲಿಗೆ ಹೋದಾಗ ಬಾಗಿಲಿಗೆ ಕಾರು ಬಂದು ನಿಂತಿತು. ಪೈಪ್ ಅಂಗಡಿಯ ಮುರುಗೇಶ್ ಅಂಕಲ್. ಕೈಯಲ್ಲಿ ಮಡಚಿದ ಗೋಣಿಚೀಲಗಳು.

"ಬ್ಯಾಳಿ ಎಷ್ಟೈತಿ? ಎಲ್ಲಾ ಹಾಕು."

ಅವರು ಮುಂದಿನ ಚೀಲದ ಮೇಲೆ ಬಾಗಿದರು. ಬೆಳಿಗ್ಗೆ ಗಂಗಾಂಬಿಕಾ ಎತ್ತಿ ಅರ್ಧಂಬರ್ಧ ಮುಚ್ಚಿದ್ದ ಕಡೆ ಬೇಳೆ ಜಾರಿ, ಬಟ್ಟೆಯ ನೀಲಿ ಅಂಚು ಇಣುಕುತ್ತಿತ್ತು. ಅದು ಅಂಕಲ್ ಕಣ್ಣಿಗೆ ಬಿದ್ದರೆ ಮುಗಿಯಿತು. ಒಳಗಿನ ಬೇಳೆಯೂ ಹೋಗುತ್ತದೆ, ಸುದ್ದಿಯೂ ಊರೆಲ್ಲ ಹೋಗುತ್ತದೆ.

ಅವಳು ಒಳಗೆ ಹೋದಳು. ಬೋಗುಣಿ ತುಂಬ ಬೇಳೆ ತುಂಬಿದಳು. ಅವ್ವನ ಹಾಗೆ, ಏನೂ ಅವಸರವಿಲ್ಲದವಳ ಹಾಗೆ ನಡೆದು ಬಂದು, ನೀಲಿ ಅಂಚಿನ ಮೇಲೆ ಸುರಿದಳು. ಜರ್ರನೆ ಬೇಳೆ ಇಳಿಯಿತು. ಗುಡ್ಡೆ ಮತ್ತೆ ಎದ್ದಿತು.

"ಒಳಗೂ ಐತ್ರಿ ಅಂಕಲ್. ಎಷ್ಟು ಕಟ್ಲಿ?"

ಮುರುಗೇಶ್ ಅಂಕಲ್ ಗುಡ್ಡೆ ನೋಡಿದರು. ತಮ್ಮ ಗೋಣಿಚೀಲ ನೋಡಿಕೊಂಡರು.

"ಮೂರು ಕೆಜಿ ಕಟ್ಟು ಸಾಕು. ಬೇಕಾದ್ರ ಮತ್ತ ಬರ್ತೀನಿ."

ಬೇಳೆ ತರಲು ತಿರುಗಿದಾಗ ಅವ್ವ ಒಳಬಾಗಿಲಲ್ಲಿ ನಿಂತಿದ್ದಳು. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಾನೇ ಮೂರು ಕೆಜಿ ತೂಗಿ ತಂದು ಪೊಟ್ಟಣಕ್ಕೆ ದಾರ ಸುತ್ತಿದಳು.

ದೀಪ ಹಚ್ಚುವ ಹೊತ್ತಿಗೆ ಹಮಾಲರು ಬಂದರು. ಹೆಗಲ ಮೇಲೆ, ಹುಬ್ಬಿನ ಮೇಲೆ ಮಿಲ್ಲಿನ ಧೂಳು. ಎದುರಿನ ಅಂಗಡಿಯ ಬೀಗ ನೋಡಿ ಬಂದಿದ್ದರು, ಹಾಗಾಗಿ ಯಾರ ಮುಖದಲ್ಲೂ ಆಸೆ ಇರಲಿಲ್ಲ. ಕೊಟ್ರಬಸಮ್ಮ ತಕ್ಕಡಿ ಎತ್ತಿದಳು. ಒಬ್ಬೊಬ್ಬರಿಗೂ ಕೇಳಿದಷ್ಟು ತೂಗಿದಳು, ನಿನ್ನೆಯ ರೇಟಿಗೇ.

ಕೊನೆಗೆ ನಿಂತಿದ್ದವನು ಹೊನ್ನೂರಪ್ಪ. ಅವನು ಮುಂದಿನ ಚೀಲ ತಟ್ಟಿ ನಕ್ಕ.

"ಏನವ್ವ ಗಂಗಿ, ನಿನ್ನೆ ನಾನು ಹೊತ್ತು ತಂದ ಹೊಟ್ಟು ಇವತ್ತು ಬ್ಯಾಳಿ ಆತೇನು?"

ಹೋಗುತ್ತಿದ್ದವರೆಲ್ಲ ನಿಂತು ನಕ್ಕರು. ಗಂಗಾಂಬಿಕಾಳಿಗೂ ನಗು ಬಂತು. ಒಳಗಿನ ಚೀಲ ಖಾಲಿಯಾಗಿತ್ತು. ಅವ್ವ ಮುಂದಿನ ಚೀಲದ ಬಟ್ಟೆಯನ್ನು ನಾಲ್ಕೂ ಮೂಲೆ ಹಿಡಿದು ಎತ್ತಿ, ಅದರ ಮೇಲಿದ್ದ ಬೇಳೆಯನ್ನು ಕೇರಿ ಹೊನ್ನೂರಪ್ಪನಿಗೆ ತೂಗಿದಳು. ತಮ್ಮ ಮನೆಗೆ ಅಂತ ಉಳಿದದ್ದು ಎರಡು ಹಿಡಿ.

ಬಾಗಿಲು ಎಳೆಯುತ್ತಾ ಅವ್ವ ಅಂದಳು. "ಆ ಹೊಟ್ಟು ನಾಳೆ ತಿಪ್ಪಿಗೆ ಚೆಲ್ಲೂಣಂತ."

"ಬ್ಯಾಡವ್ವ. ಮತ್ತ ಮಾಲು ಬಂದ ದಿನ ಜನ ಹಿಂಗ ಓಡಿ ಬರ್ತಾರ, ಆಗ ಬೇಕಾಗ್ತೈತಿ."

ಗಂಗಾಂಬಿಕಾ ನೀಲಿ ಬಟ್ಟೆಯನ್ನು ಕೊಡವಿದಳು. ಹೊಟ್ಟಿನ ಮೇಲೆ ಹಾಸಿದಳು. ಈ ಸಲ ಅಂಚನ್ನು ಸುತ್ತಲೂ ಒಳಗೆ ಸಿಕ್ಕಿಸಿ, ಎಲ್ಲಾದರೂ ಕಾಣುತ್ತದೇನೋ ಅಂತ ಬಾಗಿ ನೋಡಿದಳು.