ಕಾರಿನ ಹಣೆಗೆ ವಿಭೂತಿ

ಟಿಂಗ್!

ಸ್ಟೇರಿಂಗ್ ಪಕ್ಕದ ಸ್ಕ್ರೀನ್ ಮೇಲೆ ಕಿತ್ತಳೆ ಬಣ್ಣದ ಅಕ್ಷರಗಳು ಮೂಡಿದವು. ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದ ಶಿವಾನಿ ಮುಂದೆ ಬಗ್ಗಿ ಓದಿದಳು. 'ಫ್ರಂಟ್ ಕ್ಯಾಮೆರಾ ಬ್ಲಾಕ್ಡ್. ಕ್ಲೀನ್ ವಿಂಡ್‌ಶೀಲ್ಡ್.' ಅಂದರೆ, ಮುಂದಿನ ಕ್ಯಾಮೆರಾಗೆ ಏನೋ ಅಡ್ಡ ಬಂದಿದೆ, ಗಾಜು ಒರೆಸಿ ಅಂತ.

ತಲೆ ಎತ್ತಿ ನೋಡಿದಳು. ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಸರಿಯಾಗಿ ನಡುವೆ, ದಪ್ಪಗೆ ಮೂರು ಪಟ್ಟೆ ವಿಭೂತಿ. ಅದರ ಮೇಲೊಂದು ದೊಡ್ಡ ಕುಂಕುಮ. ಅದರ ಹಿಂದೆಯೇ, ಗಾಜಿಗೆ ಅಂಟಿಕೊಂಡು, ಕ್ಯಾಮೆರಾ ಇತ್ತು. ಆ ವಿಭೂತಿ ಹಚ್ಚಿದ್ದು ಬೇರೆ ಯಾರೂ ಅಲ್ಲ, ಅವಳೇ!

ಶಿವಾನಿ ತಟ್ಟನೆ ಹೊರಗೆ ನೋಡಿದಳು.

ಹೊರಗೆ ಅಪ್ಪ ಕುಂಕುಮ ತುಂಬಿದ ಬೂದುಗುಂಬಳಕಾಯಿ ಹಿಡಿದು ಕಾರಿನ ಮುಂದೆ ಮೂರು ಸುತ್ತು ನಿವಾಳಿಸುತ್ತಿದ್ದರು. ಅಜ್ಜಿ ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಇಬ್ಬರೂ ಇತ್ತ ನೋಡುತ್ತಿರಲಿಲ್ಲ.

ಶಿವಾನಿ ಕೈ ಚಾಚಿ ಸ್ಕ್ರೀನಿನ 'ಓಕೆ' ಒತ್ತಿಬಿಟ್ಟಳು.

ಅಕ್ಷರಗಳು ಮಾಯವಾದವು. ಮೂಲೆಯಲ್ಲಿ ಕಡಲೆಕಾಳಿನಷ್ಟು ಕಿತ್ತಳೆ ಗುರುತೊಂದು ಮಾತ್ರ ಉಳಿಯಿತು. ಹೊಸ ಕಾರಿನ ಸ್ಕ್ರೀನ್ ಮುಟ್ಟಬೇಡ ಎಂದು ಅಪ್ಪ ಎಂಟು ದಿನದಿಂದ ಹೇಳುತ್ತಲೇ ಇದ್ದರು. ಈಗ ಮುಟ್ಟಿದ್ದೂ ಆಯಿತು, ಒತ್ತಿದ್ದೂ ಆಯಿತು.

ಢಬ್! ಹೊರಗೆ ಕುಂಬಳಕಾಯಿ ಒಡೆಯಿತು. ಶಿವಾನಿ ಬೆಚ್ಚಿಬಿದ್ದು ಸೀಟಿಗೆ ಒರಗಿದಳು.

ಅರ್ಧ ಗಂಟೆಯ ಹಿಂದೆ ಎಲ್ಲ ಎಷ್ಟು ಚೆನ್ನಾಗಿತ್ತು! ಸಿಂಗಸಂದ್ರದ ಅವರ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ತುಂಬ ಆಯುಧಪೂಜೆಯ ಸಡಗರ. ಪೂಜೆಗೆಂದೇ ದಾವಣಗೆರೆಯಿಂದ ಬಂದಿದ್ದ ರುದ್ರಮ್ಮಜ್ಜಿ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಬಟ್ಟಲಲ್ಲಿ ಕೊಟ್ಟಿದ್ದರು.

"ಹಣೆಗೆ ವಿಭೂತಿ ಇಲ್ದೆ ನಮ್ಮನೆಯಿಂದ ಯಾವ್ದೂ ಹೊರಗೆ ಹೋಗಂಗಿಲ್ಲ. ನೀನೇ ಹಚ್ಚವ್ವಾ, ಮನೆ ಲಕ್ಷ್ಮಿ" ಎಂದಿದ್ದರು.

"ಕಾರಿಗೆ ಹಣೆ ಎಲ್ಲಿರುತ್ತೆ ಅಜ್ಜಿ?"

"ಅಯ್ಯ, ಕಾಣಂಗಿಲ್ಲೇನು? ಗಾಜಿನ ಮ್ಯಾಲೆ, ನಡುವೆ!"

ಶಿವಾನಿ ಸ್ಟೂಲ್ ಹತ್ತಿ, ಮೂರು ಬೆರಳು ಅದ್ದಿ, ನಾಲಗೆ ಕಚ್ಚಿಕೊಂಡು ನೆಟ್ಟಗೆ ಎಳೆದಿದ್ದಳು. ಅಪ್ಪ ಆಗ ಬಾಳೆಕಂದು ಕಟ್ಟುವ ಗಡಿಬಿಡಿಯಲ್ಲಿದ್ದರು, ಗಮನಿಸಲಿಲ್ಲ. ಅಜ್ಜಿಗೆ ಎಷ್ಟು ಖುಷಿ ಅಂದರೆ, ಮೊಮ್ಮಗಳ ಕೆನ್ನೆ ಸವರಿ ಲಟಿಕೆ ಮುರಿದಿದ್ದರು. "ಇನ್ನಿದನ್ನ ಯಾರೂ ಅಳಿಸಬಾರ್ದು ನೋಡು. ತಾನಾಗೇ ಹೋಗ್ಬೇಕು" ಎಂದೂ ಹೇಳಿದ್ದರು.

ಈಗ ಏನು ಮಾಡುವುದು?

ಬರೀ ಕ್ಯಾಮೆರಾ ಮುಚ್ಚಿದ್ದರೆ ಶಿವಾನಿ ಇಷ್ಟು ಹೆದರುತ್ತಿರಲಿಲ್ಲ. ಅಪ್ಪ ಇವತ್ತು ಏನು ಮಾಡಲಿದ್ದಾರೆಂದು ಅವಳಿಗೆ ಗೊತ್ತಿತ್ತು. ಅದೇ ಅವಳ ಭಯ.

ಅಪ್ಪ, ಅಂದರೆ ಕೊಟ್ರೇಶ್, ಬೊಮ್ಮನಹಳ್ಳಿಯ ಕಂಪನಿಯೊಂದರಲ್ಲಿ ಇಂಜಿನಿಯರ್. ಕಾರ್ ರೇಸ್ ಎಂದರೆ ಊಟ ಬಿಡುವ ಮನುಷ್ಯ. ರೇಸ್ ಇದ್ದ ಭಾನುವಾರ ಅಪ್ಪ-ಮಗಳು ಟಿವಿ ಮುಂದೆಯೇ ಇರುತ್ತಿದ್ದರು. ಹೊಸ ಕಾರಿಗೆ ತಾನೇ ಬ್ರೇಕ್ ಹಾಕಿಕೊಳ್ಳುವ ವಿದ್ಯೆ ಇತ್ತು. ಎದುರಿಗೆ ಏನಾದರೂ ಹತ್ತಿರ ಬಂದರೆ ಕ್ಯಾಮೆರಾ ನೋಡುತ್ತದೆ, ಡ್ರೈವರ್ ಮರೆತರೂ ಕಾರು ನಿಲ್ಲುತ್ತದೆ. ಹೋದ ಭಾನುವಾರ ಅಪ್ಪ ಅದನ್ನು ಶಿವಾನಿಗೆ ತೋರಿಸಿದ್ದರು. ಖಾಲಿ ರಸ್ತೆಯಲ್ಲಿ ನಿಂತಿದ್ದ ಲಾರಿಯೊಂದರ ಕಡೆ ಮೆಲ್ಲಗೆ ಹೋಗಿ, ಬ್ರೇಕ್ ಒತ್ತದೆ ಸುಮ್ಮನೆ ಕೂತಿದ್ದರು. ಕಾರು ಗಕ್ಕನೆ ನಿಂತಿತ್ತು. "ಸಕ್ಕತ್ತಾಗಿದೆ ಅಲ್ವಾ? ಅವ್ವ ಬರ್ಲಿ, ಅವಳಿಗೂ ತೋರಿಸೋಣ" ಎಂದು ಚಪ್ಪಾಳೆ ತಟ್ಟಿದ್ದರು.

ಹೀಗೆಲ್ಲ ಪರೀಕ್ಷೆ ಮಾಡಬೇಡಿ ಎಂದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಅಪ್ಪ ಆ ಪುಸ್ತಕದ ಪ್ಲಾಸ್ಟಿಕ್ ಕವರನ್ನೇ ಇನ್ನೂ ಹರಿದಿರಲಿಲ್ಲ.

"ಹತ್ತವ್ವಾ, ಮುಂದೆ ಕೂತ್ಕೋ" ಎಂದರು ಅಪ್ಪ. ಅಜ್ಜಿ ಮುಂದೆ ಕೂತು ಬೆಲ್ಟ್ ಹಾಕಿಸಿಕೊಂಡರು. ಅಮ್ಮ ಮಧ್ಯಾಹ್ನದ ಹೋಳಿಗೆಗೆ ಹೂರಣ ರುಬ್ಬುತ್ತ ಮನೆಯಲ್ಲೇ ಉಳಿದಿದ್ದಳು. ನಾಲ್ಕು ಚಕ್ರದ ಕೆಳಗಿನ ನಿಂಬೆಹಣ್ಣು ಪಿಚಕ್ಕೆಂದವು. ಕಾರು ಹೊಸೂರು ರಸ್ತೆಗೆ ಬಂತು.

ಹಬ್ಬದ ದಿನ. ಬಸ್ಸಿಗೂ ಬಾಳೆಕಂದು, ಆಟೋಗೂ ಚೆಂಡುಹೂವಿನ ಹಾರ. ರಸ್ತೆ ಉದ್ದಕ್ಕೂ ಒಡೆದ ಕುಂಬಳಕಾಯಿಗಳು. ಶಿವಾನಿಯ ಕಣ್ಣೆದುರೇ ಸ್ಕೂಟರಿನವನೊಬ್ಬ ಅದರ ಮೇಲೆ ಜಾರಿ, ಕಾಲು ಊರಿ ಹೇಗೋ ಬಚಾವಾದ.

"ಎಲ್ಲಿಗೋ ಕೊಟ್ರಾ?" ಅಜ್ಜಿ ಕೇಳಿದರು.

"ಎಲೆಕ್ಟ್ರಾನಿಕ್ ಸಿಟಿಗೆ. ಒಳಗಿನ ರಸ್ತೆಗಳು ಇವತ್ತು ಖಾಲಿ ಇರ್ತವೆ. ನಿಂಗೊಂದು ಮ್ಯಾಜಿಕ್ ತೋರಿಸ್ತೀನಿ. ಇದೆಲ್ಲ ರೇಸ್ ಕಾರಿನವರು ತಲೆ ಕೆಡಿಸ್ಕೊಂಡು ಕಲಿತ ವಿದ್ಯೆ ಕಣವ್ವಾ. ಸೇಫ್ಟಿ ಅಂದ್ರೆ ಸೇಫ್ಟಿ!"

ಶಿವಾನಿಗೆ ರೇಸಿನ ಡ್ರೈವರ್‌ಗಳು ನೆನಪಾದರು. ಅವರ ಹೆಲ್ಮೆಟ್ಟಿನ ಗಾಜಿನ ಮೇಲೆ ತೆಳ್ಳನೆಯ ಹಾಳೆಗಳು ಅಂಟಿರುತ್ತವೆ. ಎಣ್ಣೆಯೋ ಧೂಳೋ ಮೆತ್ತಿದರೆ ಒಂದು ಹಾಳೆ ಪರ್ರನೆ ಕಿತ್ತು ಬಿಸಾಡುತ್ತಾರೆ. ಯಾಕೆಂದರೆ ಕಣ್ಣು ಕಾಣದೆ ಯಾವ ಶೂರನೂ ಗಾಡಿ ಓಡಿಸಲಾರ. ಈ ಕಾರಿನ ಗಾಜಿಗೆ ಅಂಥ ಹಾಳೆ ಇಲ್ಲವಲ್ಲ!

"ಅಪ್ಪಾ, ಒಂದ್ಸಲ ವೈಪರ್ ಹಾಕ್ತೀಯಾ? ಗ್ಲಾಸ್ ಕೊಳೆ ಆಗಿದೆ."

ಅಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ ತಿರುಗಿದರು. "ಪೂಜೆ ಮಾಡಿದ ಗಾಜಿಗೆ ಇವತ್ತೇ ನೀರು ಹೊಡೀತಾರೇನೇ? ನೀನೇ ಹಚ್ಚಿದ್ದಲ್ಲ!"

"ಹೌದಲ್ಲ, ಇರ್ಲಿ ಬಿಡು" ಎಂದರು ಅಪ್ಪ.

ಶಿವಾನಿ ಇನ್ನೊಂದು ದಾರಿ ಹಿಡಿದಳು. "ಮ್ಯಾಜಿಕ್ ಬೇಡ ಅಪ್ಪಾ. ನಂಗೆ ಹೊಟ್ಟೆ ತೊಳಸ್ತಿದೆ. ಮನೆಗೆ ಹೋಗೋಣ."

"ಐದೇ ನಿಮಿಷ ಕಣಮ್ಮಾ!"

ಹೇಳಿಬಿಡಲೇ? ಹೇಳಿದರೆ ಅಪ್ಪ, ಮೆಸೇಜ್ ಬಂದದ್ದನ್ನು ಯಾಕೆ ಮುಚ್ಚಿಟ್ಟೆ ಎನ್ನುತ್ತಾರೆ. ಅಜ್ಜಿಯ ಮುಖ ಬಾಡುತ್ತದೆ. ಹಬ್ಬದ ದಿನ ವಿಭೂತಿ ಅಳಿಸಬೇಕಾಗುತ್ತದೆ. ಹೇಳದಿದ್ದರೆ? ಒಂದು ವೇಳೆ ಕ್ಯಾಮೆರಾಗೆ ಸ್ವಲ್ಪ ಕಾಣುತ್ತಿದ್ದರೆ? ಪಟ್ಟೆಗಳ ನಡುವೆ ಸಂದು ಇದೆಯಲ್ಲ? ಹಾಗೆ ಅಂದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಸಮಾಧಾನ ಎಲ್ಲಿಂದ ಬರಬೇಕು?

ಕಾರು ಎಲೆಕ್ಟ್ರಾನಿಕ್ ಸಿಟಿಯ ಒಳರಸ್ತೆಗೆ ತಿರುಗಿತು. ಗೇಟು ಮುಚ್ಚಿದ ಕಂಪನಿಗಳು, ಸೆಕ್ಯುರಿಟಿಯವರು ಬಿಟ್ಟರೆ ಜನವಿಲ್ಲ. ಅಷ್ಟರಲ್ಲಿ ಪಕ್ಕದ ರಸ್ತೆಯಿಂದ ಒಂದು ಗೂಡ್ಸ್ ಟೆಂಪೋ ಬಂದು ಇವರ ಮುಂದೆ ಸೇರಿಕೊಂಡಿತು. ಯಾವುದೋ ಸಣ್ಣ ಫ್ಯಾಕ್ಟರಿಯ ಪೂಜೆ ಮುಗಿಸಿದ ಕೆಲಸಗಾರರು. ಹಿಂಬದಿಯ ಬಾಗಿಲು ಇಳಿಬಿಟ್ಟು, ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಬಿಳಿ ಮೀಸೆಯ ಒಬ್ಬ ಅಜ್ಜ. ಅವರ ಪಕ್ಕ ಎರಡು ಜುಟ್ಟಿನ ಪುಟ್ಟ ಹುಡುಗಿ, ಐದು ವರ್ಷ ಇದ್ದೀತು. ಪೇಪರ್ ಪೊಟ್ಟಣದಿಂದ ಪುರಿ ತಿನ್ನುತ್ತಿದ್ದಳು. ಶಿವಾನಿಯನ್ನು ನೋಡಿ ಕೈ ಬೀಸಿದಳು.

ಶಿವಾನಿಗೆ ಕೈ ಎತ್ತಲಾಗಲಿಲ್ಲ.

"ಸಿಕ್ತು ನೋಡವ್ವಾ!" ಅಪ್ಪ ಹುರುಪಿನಿಂದ ಹೇಳಿದರು. "ಮುಂದೆ ಹಂಪ್ ಇದೆ. ಟೆಂಪೋ ಸ್ಲೋ ಆಗುತ್ತೆ. ನಾನು ಬ್ರೇಕ್ ಮುಟ್ಟಲ್ಲ. ಕಾರು ತಾನೇ ನಿಲ್ಲುತ್ತೆ."

"ಅಯ್ಯೋ ಬ್ಯಾಡೋ ಮಾರಾಯಾ, ಕೂಸು ಕೂತೈತಿ ಅಲ್ಲಿ!"

"ಏನಾಗಲ್ಲವ್ವಾ. ನಮಗಿಂತ ಮೊದ್ಲು ಕ್ಯಾಮೆರಾ ನೋಡುತ್ತೆ."

ಟೆಂಪೋದ ಹಿಂಬದಿಯ ಕೆಂಪು ದೀಪ ಹತ್ತಿತು.

ಶಿವಾನಿ ಬಾಯಿ ತೆರೆದಳು. ದನಿ ಬರಲಿಲ್ಲ. ಟೆಂಪೋ ಹತ್ತಿರವಾಯಿತು. ಆ ಹುಡುಗಿಯ ಕಾಲಿನಲ್ಲಿ ಕೆಂಪು ಚಪ್ಪಲಿ ಕಾಣಿಸಿತು. ಇನ್ನೂ ಹತ್ತಿರವಾಯಿತು. ಚಪ್ಪಲಿಯ ಮೇಲಿನ ಚಿಟ್ಟೆಯ ಚಿತ್ರವೂ ಕಾಣಿಸಿತು. ಅಪ್ಪನ ಕಾಲು ಬ್ರೇಕಿನ ಮೇಲಿರಲಿಲ್ಲ.

"ಅಪ್ಪಾ, ಬ್ರೇಕ್! ಕ್ಯಾಮೆರಾ ಮುಚ್ಚೋಗಿದೆ! ಕಾರಿಗೆ ಕಾಣ್ತಿಲ್ಲ!"

ಅಪ್ಪ ಬ್ರೇಕ್ ತುಳಿದರು. ಚಕ್ರ ಒಡೆದ ಕುಂಬಳಕಾಯಿಯ ಮೇಲೆ ಹತ್ತಿತು. ಕಾರು ನಿಲ್ಲಲಿಲ್ಲ, ಜಾರಿತು. ಅಜ್ಜಿ "ಶಿವಾ ಶಿವಾ" ಎಂದರು. ಮೀಸೆಯ ಅಜ್ಜ ಹುಡುಗಿಯನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡದ್ದು ಕಂಡಿತು. ಶಿವಾನಿ ಕಣ್ಣು ಮುಚ್ಚಿಕೊಂಡಳು.

ಕಣ್ಣು ತೆರೆದಾಗ ಕಾರು ನಿಂತಿತ್ತು. ಟೆಂಪೋಗೂ ಕಾರಿಗೂ ನಡುವೆ ಒಂದು ಗೇಣು ಜಾಗ. ಬಾನೆಟ್ ತುಂಬ ಪುರಿ ಚೆಲ್ಲಿತ್ತು.

ಟೆಂಪೋ ನಿಂತಿತು. ಮೀಸೆಯ ಅಜ್ಜ ಇಳಿದು ಬಂದು ಕಿಟಕಿ ಬಡಿದರು. "ಏನ್ರೀ ಸಾಹೇಬ್ರ, ಕಣ್ಣು ಎಲ್ಲಿಟ್ಟೀರಿ? ನಮ್ಮ ಕೂಸಿನ ಕಾಲು ಹೋಗಿಬಿಡ್ತಿತ್ತಲ್ರೀ!"

ಅಪ್ಪ ಗಾಜು ಇಳಿಸಿದರು. ಮುಖ ಬಿಳಿಚಿಕೊಂಡಿತ್ತು. "ಸಾರಿ ಯಜಮಾನ್ರೇ... ಕುಂಬಳಕಾಯಿ ಬಿದ್ದಿತ್ತು ನೋಡಿ... ಸ್ಲಿಪ್ ಆಗ್ಬಿಡ್ತು."

ಅಜ್ಜ ನೆಲ ನೋಡಿದರು. ಅವರ ಸಿಟ್ಟು ಅರ್ಧ ಇಳಿಯಿತು. "ಹೌದ್ ಬಿಡ್ರಿ. ಈ ಮಂದಿಗೆ ಬುದ್ಧಿ ಇಲ್ಲ, ನಡು ರಸ್ತೆದಾಗ ಒಡೀತಾರ. ನೀವರ ಏನ್ ಮಾಡ್ತೀರಿ? ಹುಷಾರಿಂದ ಹೋಗ್ರಿ."

"ಭರಮಪ್ಪಣ್ಣಾ, ಬಾಳೆಕಂಬ ಬಿಚ್ಚೈತಿ, ಬಾ ಇಲ್ಲಿ" ಎಂದು ಟೆಂಪೋದವರು ಯಾರೋ ಕೂಗಿದರು. ಅಜ್ಜ ಅದನ್ನು ಕಟ್ಟಲು ಹೋದರು.

ಅಪ್ಪ ಗಾಜು ಏರಿಸಿದರು.

ಶಿವಾನಿಯ ಕಣ್ಣಲ್ಲಿ ನೀರು ದಳದಳ ಇಳಿಯಿತು. "ಅಪ್ಪಾ, ಮನೇಲೇ ಮೆಸೇಜ್ ಬಂದಿತ್ತು. ಕ್ಯಾಮೆರಾ ಬ್ಲಾಕ್ ಆಗಿದೆ ಅಂತ. ನಾನು ವಿಭೂತಿ ಹಚ್ಚಿದ್ದಕ್ಕೇ ಹಾಗಾಗಿದ್ದು. ನೀನು ಬೈತೀಯಾ ಅಂತ ಓಕೆ ಒತ್ಬಿಟ್ಟೆ. ನಂಗೆ ತುಂಬಾ ಹೆದ್ರಿಕೆ ಆಗಿತ್ತು."

ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದರು. ಆಮೇಲೆ ಗಾಜಿನ ಮೇಲಿನ ವಿಭೂತಿ ನೋಡಿದರು. ಮೂಲೆಯಲ್ಲಿದ್ದ ಕಿತ್ತಳೆ ಗುರುತನ್ನು ಆಗಷ್ಟೇ ಕಂಡವರಂತೆ ಅದನ್ನೂ ನೋಡಿದರು.

"ಹಣೆಗೆ ಹಚ್ಚು ಅಂದವಳು ನಾನು" ಎಂದರು ಅಜ್ಜಿ, ಸಣ್ಣ ದನಿಯಲ್ಲಿ.

"ಬ್ರೇಕ್ ಮುಟ್ಟಲ್ಲ ಅಂತ ಕೂತವನು ನಾನಲ್ವಾ ಅವ್ವಾ" ಎಂದು ಅಪ್ಪ ಎಂಜಿನ್ ಆಫ್ ಮಾಡಿದರು. ಬೆಲ್ಟ್ ಬಿಚ್ಚಿ, ಕೀ ತೆಗೆದುಕೊಂಡು ಇಳಿದು ಟೆಂಪೋ ಕಡೆ ನಡೆದರು.

ಅಜ್ಜಿಯೂ ಇಳಿದರು. ಸೆರಗಿನ ತುದಿಗೆ ಬಾಟಲಿಯ ನೀರು ಹಾಕಿಕೊಂಡು, ತುದಿಗಾಲಲ್ಲಿ ನಿಂತು ಗಾಜು ಒರೆಸತೊಡಗಿದರು. ಅಳಿಸಬಾರದೆಂದ ಅಜ್ಜಿಯೇ! ಸೆರಗಿಗೆ ಹತ್ತಿದ ವಿಭೂತಿಯನ್ನು ಬೆರಳಲ್ಲಿ ತೆಗೆದು, ಬಾಗಿಲು ತೆರೆದು ಶಿವಾನಿಯ ಹಣೆಗೆ ಹಚ್ಚಿದರು. "ಆ ಕೂಸನ್ನ ಕಾಪಾಡ್ದೆ ಕಣವ್ವಾ" ಎಂದರು.

"ತಡ ಮಾಡ್ಬಿಟ್ಟೆ ಅಜ್ಜಿ."

ಅಜ್ಜಿ ಸೆರಗಿನ ಒಣ ಅಂಚು ಹುಡುಕಿದರು. ಅವಳ ಕೆನ್ನೆ ಒರೆಸಿದರು.

ಟೆಂಪೋ ಹತ್ತಿರ ಅಪ್ಪ ಭರಮಪ್ಪನವರ ಮುಂದೆ ನಿಂತು ಏನೋ ಹೇಳುತ್ತಿದ್ದರು. ಮಾತು ಇಲ್ಲಿಗೆ ಕೇಳಿಸುತ್ತಿರಲಿಲ್ಲ. ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನ ಹಿಂದೆ ಅಪ್ಪನ ಕೈಗಳು ಕಾರಿನ ಕೀಯನ್ನು ತಿರುಚುತ್ತಲೇ ಇದ್ದವು. ಹೋಂವರ್ಕ್ ಮಾಡದೆ ಮೇಡಂ ಮುಂದೆ ನಿಂತಾಗ ಶಿವಾನಿಯೂ ಯೂನಿಫಾರಂ ಬೆಲ್ಟಿನ ತುದಿಯನ್ನು ಹೀಗೇ ತಿರುಚುತ್ತಿದ್ದಳು.

ಇದ್ದಕ್ಕಿದ್ದಂತೆ ಭರಮಪ್ಪನವರ ದನಿ ಏರಿತು. "ಏನಂದ್ರಿ? ಬೇಕಂತನ ಬ್ರೇಕ್ ಹಾಕಲಿಲ್ಲ? ಕಲಿತವರಿದ್ದೀರಿ, ನಮ್ಮ ಕೂಸು ಏನು ಆಟದ ಸಾಮಾನೇನ್ರೀ?"

ಟೆಂಪೋದವರೆಲ್ಲ ಇಳಿದು ಸುತ್ತ ನಿಂತರು. ಅಪ್ಪನಿಗೆ ಹೊಡೆದುಬಿಟ್ಟರೆ? ಶಿವಾನಿ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ತಲೆ ತಗ್ಗಿಸಿ ನಿಂತೇ ಇದ್ದರು. ಎದುರು ಮಾತಾಡಲಿಲ್ಲ, ತಿರುಗಿ ಬರಲೂ ಇಲ್ಲ. ಬೈಗುಳ ಪೂರ್ತಿ ಮುಗಿದ ಮೇಲೆ ಆ ಪುಟ್ಟ ಹುಡುಗಿಗೆ ಕೈಮುಗಿದರು. ಅವಳು ಇದೇನೋ ತಮಾಷೆ ಎಂದುಕೊಂಡು ತಾನೂ ಕೈಮುಗಿದಳು.

ಟೆಂಪೋ ಹೊರಟುಹೋಯಿತು. ಅಪ್ಪ ಬಂದು ಕೂತರು. ಬೆವರಿದ್ದರು.

"ತುಂಬಾ ಬೈದ್ರಾ ಅಪ್ಪಾ?"

"ಹ್ಞೂಂ."

"ಅವರು ಆಗ್ಲೇ ಹೋಗ್ಲಿ ಬಿಡಿ ಅಂದಿದ್ರಲ್ಲ. ಮತ್ತ್ಯಾಕೆ ಹೋಗಿ ಹೇಳ್ದೆ?"

ಅಪ್ಪ ಹಿಂದೆ ತಿರುಗಿ ಅವಳನ್ನು ನೋಡಿದರು. "ನೀನು ಹೇಳ್ದೆಯಲ್ಲಮ್ಮಾ."

"ನಿಂಗೂ ಹೆದ್ರಿಕೆ ಆಯ್ತಾ?"

"ತುಂಬಾ ಆಯ್ತು. ಸ್ಲಿಪ್ ಆಯ್ತು ಅಂತ ಬಾಯಿಗೆ ಬಂದಿದ್ದೇ ಹೆದ್ರಿಕೆಗೆ. ಕಾರಿಂದ ಅಲ್ಲೀವರೆಗೆ ನಡೆಯೋವಾಗ ಕಾಲೇ ಬರ್ತಿರಲಿಲ್ಲ."

ಅಪ್ಪ ಸ್ಟೇರಿಂಗ್ ಹಿಡಿದರು. ಬೆರಳುಗಳು ನಡುಗುತ್ತಿದ್ದವು. ಅಪ್ಪನ ಕೈ ನಡುಗುವುದನ್ನು ಶಿವಾನಿ ಈವರೆಗೆ ನೋಡಿಯೇ ಇರಲಿಲ್ಲ. ದೊಡ್ಡವರಿಗೆ ಇಂಥದ್ದೆಲ್ಲ ಆಗುವುದಿಲ್ಲ ಎಂದೇ ಅವಳು ತಿಳಿದಿದ್ದಳು.

ಅವಳು ಮುಂದೆ ಬಗ್ಗಿ ಅಪ್ಪನ ಕೈ ಮೇಲೆ ತನ್ನ ಕೈ ಇಟ್ಟಳು. ಅಪ್ಪನ ಕೈ ತಣ್ಣಗಿತ್ತು. ಅದರ ನಡುಕ ನಿಲ್ಲುವವರೆಗೆ ಅಪ್ಪ ಕಾರು ಸ್ಟಾರ್ಟ್ ಮಾಡಲಿಲ್ಲ. ಅಜ್ಜಿಯೂ ಹೊರಡು ಎನ್ನಲಿಲ್ಲ.