ನಲವತ್ತು ಮನೆಗಳ ಒಂದೇ ಆಂಪ್ಲಿಫೈಯರ್

ಪುಣೆಯಲ್ಲಿ ನಾನು ಬಿಚ್ಚದ ಆಂಪ್ಲಿಫೈಯರ್ ಇನ್ನೂ ಹುಟ್ಟಿಲ್ಲ. ಕೋಥರೂಡದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನಲವತ್ತು ಮನೆಗಳ ಟೀವಿಗೆ ಎಲ್ಲ ಚಾನಲ್ಲುಗಳನ್ನೂ ಕಳಿಸುತ್ತಿದ್ದ ಒಂದೇ ಪೆಟ್ಟಿಗೆ ಕೆಟ್ಟಿತ್ತು. ಮಟಮಟ ಮಧ್ಯಾಹ್ನ, ಟೆರೇಸು ಕಾದ ಹೆಂಚಾಗಿತ್ತು. ಪೆಟ್ಟಿಗೆ ಮುಟ್ಟಿದರೆ ಮಂಜುಗಡ್ಡೆ! ಬಿಚ್ಚುವ ಮುನ್ನ ಪ್ಲಗ್ ಕಿತ್ತೆ.

ಚಿತ್ರ ಬಂತೋ ಇಲ್ಲವೋ ಹೇಳಲು ಕೆಳಗೆ ತನ್ನ ಮನೆಯ ಟೀವಿಯ ಮುಂದೆ ಕೂತಿದ್ದ ಶೈಲಶ್ರೀ ಅಕ್ಕನ ಫೋನು ಬಂತು.

“ಬಂತ್ರಿ ಮಾಂತಣ್ಣಾರ, ಭಾಳ ಛಲೋ ಕಾಣಸ್ತದ.”

“ಪ್ಲಗ್ ನನ್ನ ಕೈಯಾಗ ಅದರೀ ಅಕ್ಕಾರ! ಏನ ಕಾಣಸ್ತದ?”

“ಎಲ್ಲಾ ಚಾನಲ್‌ನ್ಯಾಗೂ ನೀವಽ. ನಿಮ್ಮ ಹೆಗಲ ಮ್ಯಾಲೆ ಕೈ ಇಟ್ಟು ಹಿಂದ ನಿಂತಾಂವ ಯಾರ್ರಿ?”

ಹುಲಿ ಬಂದರೂ ತಿರುಗಿ ನೋಡುವ ಗಂಡೆದೆ ನನ್ನದು. ಅವತ್ತು ತಿರುಗಲಿಲ್ಲ. ಏಳು ಮಹಡಿಗಳನ್ನು ಏಳೇ ನೆಗೆತಕ್ಕೆ ಇಳಿದೆ.

ಅಕ್ಕನ ಟೀವಿಯಲ್ಲಿ ನಾನಿನ್ನೂ ಟೆರೇಸಿನ ಮೇಲೆಯೇ ಕೂತಿದ್ದೆ. ಹಿಂದೆ ಮಾತ್ರ ಯಾರೂ ಇರಲಿಲ್ಲ.